ಐದು ಡಿಗ್ರಿ

ಮೊದಲು ನೆರಳು ಬೇಕು.
ಚಳ್ಳಕೆರೆಯ ಏಪ್ರಿಲ್‌ನಲ್ಲಿ ನೆರಳೂ ಕೈಗಡ,
ಬೆಳಗ್ಗೆ ಎಂಟರೊಳಗೆ ಹಿಂದಿರುಗಿಸಬೇಕು.
ಎಣ್ಣೆ ಮಿಲ್ಲಿನ ಹಿಂದಿನ ಲಾಯಕ್ಕೆ ಆರಕ್ಕೇ ಹೋಗಿ
ಕಿಟಕಿಗೆ ಗೋಣಿತಟ್ಟು ಕಟ್ಟಿದೆ.

ಬಿಸಿಲು ತಾಕಿದರೆ ಸಾಯುತ್ತವೆ.
ಸೋಪಿನ ಅಂಟು ಉಳಿದ ಗಾಜಿನಲ್ಲಿ ಸಾಯುತ್ತವೆ.
ಒಂದು ತೊಟ್ಟು ನೀರು ಬಿದ್ದರೂ ಸಾಯುತ್ತವೆ
ಅಂದಾಗ ಓಬಯ್ಯ ನನ್ನ ಮುಖ ನೋಡಿದ.
ಸಾವಿರ ಅಡಿ ಕೊರೆದರೂ ನೀರು ಸಿಗದ ಹೊಲದವನು.
"ಹಂಗಾರೆ ನಾವೆಲ್ಲ ಹುಟ್ಟಿದ್ದು ಹೆಂಗವ್ವ?"

ಕುದುರೆ ಹೆಸರು ಗಿಡುಗ. ಹತ್ತೊಂಬತ್ತು ವರ್ಷ.
ಕಿವಿತುದಿಗಳು ಒಂದಕ್ಕೊಂದು ಮುತ್ತಿಡುವ ಕಾಠಿಯಾವಾಡದ ತಳಿ,
ಹಿಂಗಾಲ ಗಂಟು ಊದಿ, ಇದೇ ಕಡೆ ಸಲವೋ ಏನೋ.
ಕೊಳವೆಯ ಸುತ್ತ ಬಿಸಿನೀರು ತುಂಬಿ ಹಿಡಿದೆ.
ಬಾಲ ಐದು ಸಲ ಮಿಡಿದದ್ದನ್ನು
ಮನಸ್ಸಲ್ಲೇ ಎಣಿಸಿದೆ.

ಕೆನೆ ತೆಗೆದ ಹಾಲು, ಸಕ್ಕರೆ, ಚಿಟಿಕೆ ಔಷಧಿ,
ಎಲ್ಲವನ್ನೂ ಕುದುರೆಯ ಮೈಬಿಸಿಗೆ ತಂದು
ಹನಿಹನಿಯಾಗಿ ಎರೆದೆ.
ಆಮೇಲೆ ತಣಿಸುವುದು. ಕಷ್ಟ ಅದೇ.
ತಟ್ಟನೆ ತಣಿದರೆ ಬೆಚ್ಚುತ್ತವೆ,
ಗಾಣದೆತ್ತಿನ ಹಾಗೆ ಇದ್ದಲ್ಲೇ ಸುತ್ತಿ ಸುತ್ತಿ ನಿಲ್ಲುತ್ತವೆ.
ಬಿಸಿ ಹೋದದ್ದು ಅವಕ್ಕೇ ತಿಳಿಯಬಾರದು.
ಐದು ಡಿಗ್ರಿ. ಅಲ್ಲಿ ಓಟವಿಲ್ಲ, ಸಾವೂ ಇಲ್ಲ,
ಇದ್ದಷ್ಟು ಉಸಿರನ್ನು ಗಂಟು ಕಟ್ಟಿಕೊಂಡು ಮಲಗುತ್ತವೆ.

"ಏನಮ್ಮ ಅದು ತೊಡೆ ಮೇಲೆ?" ಕಂಡಕ್ಟರ್ ಕೇಳಿದ.
ಮಜ್ಜಿಗೆ ಅಂದೆ.
ಪೂರಾ ಸುಳ್ಳಲ್ಲ, ಹಾಲಂತೂ ಇತ್ತು.

ದುರ್ಗ ದಾಟಿ, ಗಾಳಿಯಂತ್ರಗಳು ಗಾಳಿಯಿಲ್ಲದೆ ನಿಂತಿದ್ದವು.
ಭರಮಸಾಗರದ ಹತ್ತಿರ ಟೈರು ಸಿಡಿಯಿತು.
ಹೊಂಗೆ ಮರದ ಕೆಳಗೆ ನಲವತ್ತು ನಿಮಿಷ,
ಬಿಳಿ ಕೋಟು ಬಿಚ್ಚಿ ಡಬ್ಬಿಗೆ ಸುತ್ತಿದೆ.
ಐಸ್‌ಕ್ಯಾಂಡಿ ಹುಡುಗ ಒಂದು ಹಿಡಿ ಐಸು ತಂದು
"ಇದನ್ನ ಒಳಗೆ ಹಾಕಕ್ಕ" ಅಂದ.
ಬ್ಯಾಡಪ್ಪ, ನೀನೇ ತಿನ್ನು ಅಂದೆ.

ಆಗ ನಮ್ಮ ಮನೆಯವರು ನೆನಪಾದರು.
ಹೋದ ವರ್ಷ ಲ್ಯಾಬಿನವರು ಕೊಟ್ಟ ಚೀಟಿಯನ್ನು
ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು.
ಅಂಗಿ ಒಗೆಯುವಾಗ ಕೈಗೆ ಸಿಕ್ಕಿತು,
ಅಂಕಿ ಅಳಿಸಿಹೋಗಿತ್ತು.
ನೀರು. ಸೋಪು.
ನಾನು ಕೇಳಲಿಲ್ಲ.

ದಾವಣಗೆರೆ. ಮಂಡಕ್ಕಿ ಭಟ್ಟಿಗಳ ಹೊಗೆಯ ಹಿಂದೆ
ದಸ್ತಗೀರ್ ಸಾಬರ ಜಟಕಾ, ಅದರ ಹಿಂದೆ ಚಮೇಲಿ,
ಮೂರು ದಿನದಿಂದ ಬಾಲ ಎತ್ತಿ ನಿಲ್ಲುವವಳು.
ಮಂಡಕ್ಕಿ ಮೂಟೆಯ ಮೇಲೆ ಹಲಗೆ, ಹಲಗೆಯ ಮೇಲೆ ಮೈಕ್ರೋಸ್ಕೋಪು.
ಗಾಜಿನ ಪಟ್ಟಿಯನ್ನು ಚಹಾದ ಲೋಟಕ್ಕೆ ಒತ್ತಿ ಬೆಚ್ಚಗೆ ಮಾಡಿದೆ,
ಒಂದು ತೊಟ್ಟು ಇಟ್ಟೆ, ಕಣ್ಣಿಟ್ಟೆ.
ಏನೂ ಇಲ್ಲ.
ಸುಗ್ಗಿ ಮುಗಿದ ಕಣದಲ್ಲಿ ಚೆಲ್ಲಿದ ಕಾಳು.

ಕಾದೆ.
ಮೂಲೆಯಲ್ಲೊಂದು ಅಲುಗಿತು,
ನಿದ್ದೆಗಣ್ಣಲ್ಲಿ ಹಾಸಿಗೆ ಮಡಿಸುವವರ ಹಾಗೆ.
ಆಮೇಲೆ ಅದರ ಪಕ್ಕದ್ದು.
ಆಮೇಲೆ ಎಣಿಸಬೇಕಾಯಿತು.

"ಎಷ್ಟು?" ಸಾಬರು ಟೋಪಿ ಸರಿಮಾಡಿಕೊಂಡರು.
ನೂರಕ್ಕೆ ನಲವತ್ತು.
"ಪಾಸಾ?"
ಮೂವತ್ತೈದಕ್ಕೆ ಪಾಸು ಅಂದೆ.
ನಕ್ಕರು. ಚಮೇಲಿಯ ಬಾಲಕ್ಕೆ ಬಟ್ಟೆ ಸುತ್ತುವಾಗ ಮಾತ್ರ
ಅವರ ಕೈ ನಡುಗುತ್ತಿತ್ತು.

ಕಡೇ ಬಸ್ಸಿಗೆ ಅದೇ ಕಂಡಕ್ಟರ್. "ಮಜ್ಜಿಗೆ ಖಾಲಿಯಾ?"
ಖಾಲಿ.

ಚಳ್ಳಕೆರೆ ಸ್ಟ್ಯಾಂಡಿನಲ್ಲಿ ಮನೆಯವರು ಬೈಕ್ ತಂದಿದ್ದರು.
ಡಬ್ಬಿ ಇಸಿದುಕೊಂಡು, "ಏನಾಯ್ತು?"
ನಲವತ್ತು ಬಂತು, ಅಂದೆ.
ಸುಮ್ಮನಾದರು. ಕಿಕ್ ಹೊಡೆದರು. ಹತ್ತಲಿಲ್ಲ.
"ನಂದು ಹನ್ನೆರಡಿತ್ತು" ಅಂದರು
ಪೆಟ್ರೋಲ್ ಟ್ಯಾಂಕಿಗೆ ಹೇಳುವ ಹಾಗೆ,
ಮತ್ತೆ ಹೊಡೆದರು.