ಕೊನೆಯ ಹಲ್ಲು

ನಿಕ್ಷಿಚ್ ಊರಾಚೆ, ಬಿಯರ್ ಕಾರ್ಖಾನೆಯ ಗೋಡೆಗೆ ಒತ್ತಿಕೊಂಡು
ಹದಿನೇಳು ಹಳೆ ಕಾರು ನಿಲ್ಲಿಸಿ ಕೂತವನು ನಾನು, ರಾದೊಸಾವ್.
ಕುಳ್ಳ. ದೇವರು ನನಗೆ ಉದ್ದ ಕೊಟ್ಟದ್ದು ನಾಲಿಗೆಯೊಂದನ್ನೇ.
ಅದರಿಂದಲೇ ರೊಟ್ಟಿ.

ಮಾರ್ಚ್ ತಿಂಗಳ ಕೆಸರಿನಲ್ಲಿ ಒಂದು ಶನಿವಾರ
ಗೇಟಿನ ಕಮಾನಿಗೆ ತಲೆ ತಗ್ಗಿಸಿ ಬಂದಳು ಯಾಗ್ಲಿಕಾ.
ಆ ಕಮಾನಿಗೆ ಅದುವರೆಗೆ ಯಾರೂ ತಗ್ಗಿದ್ದಿಲ್ಲ.
ಪೀವಾ ಕಡೆಯ ದನದ ಡಾಕ್ಟರು;
ಎರಡು ಮೀಟರಿಗೆ ಮೂರು ಬೆರಳು ಕಮ್ಮಿ
ಎಂದು ಅವಳೇ ಹೇಳಿದಳು. ಯಾರ ಬೆರಳು ಅಂತ ಹೇಳಲಿಲ್ಲ.

ಕೆಂಪು ಇಟಲಿ ಕಾರಿನೊಳಗೆ
ಮಡಿಸುವ ಮಂಚದಂತೆ ಮೂರು ಕಡೆ ಮಡಿಸಿಕೊಂಡು ಹೋದಳು.
ಸ್ಟೇರಿಂಗಿನ ಆಚೆಗೊಂದು ಮೊಣಕಾಲು, ಈಚೆಗೊಂದು.
ಕ್ಲಚ್ಚು ತುಳಿದರೆ ಮಂಡಿಗೆ ಬೀಗದ ಕೈ ತಾಗಿ
ಎಂಜಿನ್ನು ತಾನೇ ಬಾಯಿ ಮುಚ್ಚಿತು.

ಬೆಳ್ಳಿ ಬಣ್ಣದ ಜರ್ಮನ್ ತೋರಿಸಿದೆ:
"ನೋಡಿ, ಮೇಲೆ ಗಾಜು. ಬೇಕೆಂದಾಗ ಆಕಾಶ."
ಓರೆ ಕತ್ತಿನಲ್ಲೇ ಅಂದಳು:
"ಆಕಾಶ ನನಗೆ ಮೊದಲೇ ಹತ್ತಿರ. ಆ ಗಾಜಿನ ಹಳಿ ನುಂಗಿದ
ಎರಡು ಇಂಚು ಸೂರು ವಾಪಸು ಕೊಡಿ."

ಎರಡನೆಯ ಶನಿವಾರ ಕಾಫಿ ಮಾಡಿದೆ.
ನಿಂತೇ ಕುಡಿದಳು.
ಈಗಿನ ಕಾರಿನಲ್ಲಿ ಅವಳಿಗೆ ಸಿಗ್ನಲ್ಲು ಕಾಣುವುದಿಲ್ಲವಂತೆ,
ಗಾಜಿನ ಮೇಲಂಚು ಹುಬ್ಬಿಗೇ ಬರುತ್ತದಂತೆ.
"ಹಿಂದಿನವನ ಹಾರ್ನೇ ನನಗೆ ಹಸಿರು ದೀಪ."
ನಗಬೇಕೋ ಬೇಡವೋ ತಿಳಿಯದೆ ಸಕ್ಕರೆ ಕಲಕಿದೆ, ಹಾಕಿರದ ಸಕ್ಕರೆ.

ಹಿಮದ ರಾತ್ರಿ ಬೆಟ್ಟದ ಹಟ್ಟಿಯಿಂದ ಫೋನು ಬಂದರೆ
ಎರಡು ಗಂಟೆ ದಾರಿ. ಇಳಿದ ಮೇಲೆ
ಕಾಲು ಕಾಲಾಗುವ ತನಕ ಬೇಲಿ ಹಿಡಿದು ನಿಲ್ಲಬೇಕು,
ಒಳಗೆ ಹಸು ಒರಲುತ್ತಿರುತ್ತದೆ.
ಕರು ಅಡ್ಡ ತಿರುಗಿದ್ದರೆ ಎಲ್ಲರಿಗೂ ಈ ತೋಳು ಬೇಕು,
ಭುಜದವರೆಗೂ ಹೊಗಳುತ್ತಾರೆ.
ಬೆಳಗಾದರೆ ಮತ್ತೆ ಕರೆಂಟು ಕಂಬ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಅಂದವನ ಕಾಲು ಎಷ್ಟುದ್ದವಿತ್ತೋ.

ವೆಲ್ಡಿಂಗ್ ಬೊಗ್ದಾನನನ್ನು ಕರೆಸಿದೆ.
ಸೀಟಿನ ಹಳಿ ಕೊರೆದು ನಾಲ್ಕು ಬೆರಳು ಹಿಂದೆ ಸರಿಸಿದ;
ಕಾಲಿಗೆ ಜಾಗವಾಯಿತು, ಕೈಗೆ ಸ್ಟೇರಿಂಗು ದೂರವಾಯಿತು.
ಗಾಡಿ ನನ್ನದೇ. ದುಡ್ಡು ಅವಳನ್ನು ಕೇಳಲಿಲ್ಲ.
ಬೊಗ್ದಾನ ನನ್ನನ್ನು ಕೇಳಿದ.

ಮೂರನೆಯ ಶನಿವಾರ
ಟಯರುಗಳ ರಾಶಿಯ ಹಿಂದೆ ತಾನೇ ಕಂಡುಕೊಂಡಳು,
ಮುಚ್ಚಿಹೋದ ಬೇಕರಿಯೊಂದರ ಗಾಡಿ.
ನಾನು ತೋರಿಸಿಯೇ ಇರಲಿಲ್ಲ. ಬೀರುವಿಗೆ ಚಕ್ರ ಹಚ್ಚಿದ ಹಾಗಿತ್ತು,
ಸಂದುಗಳಲ್ಲಿ ಇನ್ನೂ ಹಿಟ್ಟು.

ಕೂತಳು. ಬಾಗಿಲು ಹಾಕಿಕೊಂಡಳು.
ಬಾವಿಯಿಂದ ಕೊಡ ಬರುವ ಹಾಗೆ
ಕತ್ತು ನಿಧಾನ ಮೇಲೆ ಬಂತು, ಬಂತು,
ಸೂರಿಗೆ ತಾಗಲಿಲ್ಲ.
ಅಂಗೈಯನ್ನು ನೆತ್ತಿಗೂ ಸೂರಿಗೂ ನಡುವೆ ತೂರಿಸಿ ನೋಡಿದಳು.
ಎದುರಿಗಿದ್ದದ್ದು ಕಾರ್ಖಾನೆಯ ಗೋಡೆ.
ಅದನ್ನೇ ನೋಡುತ್ತ ಕೂತಳು, ಹತ್ತು ನಿಮಿಷ, ಸಮುದ್ರವನ್ನು ನೋಡುವಂತೆ.

ಬೆಲೆ ಕೇಳಿದಳು.
ಬಾಯಿಗೆ ಬಂದದ್ದು ಬೇರೆ, ಹೇಳಿದ್ದು ಬೇರೆ;
ಮೊದಲ ಸಲ ನನ್ನ ನಾಲಿಗೆ
ಇನ್ನೂರು ಯೂರೋ ಕುಳ್ಳಾಯಿತು.
ಗೇರು ಮೂರನೆಯದಕ್ಕೆ ಬೀಳುವಾಗ ಕಿರುಗುಟ್ಟುತ್ತದೆ ಎಂದೂ ಹೇಳಿಬಿಟ್ಟೆ.
"ನಾನೂ ಅಷ್ಟೇ" ಅಂದಳು.

ಸಂಜೆ ಬೀಗ ಹಾಕಲು ಹೋದರೆ
ಉಳಿದ ಹದಿನಾರು ಕಾರಿನಲ್ಲೂ ಡ್ರೈವರ್ ಸೀಟು
ಹಿಂದಕ್ಕೆ, ಹಳಿಯ ಕೊನೆಯ ಹಲ್ಲಿಗೆ.
ಉದ್ದದವರ ಮನೆತನವೊಂದು ಮದುವೆಗೆಂದು ಬಂದು
ಈಗಷ್ಟೇ ಎದ್ದು ಹೋದಂತೆ.

ಒಂದರಲ್ಲಿ ಕೂತೆ. ಪೆಡಲು ಸಿಗಲಿಲ್ಲ,
ಕಾಲು ಗಾಳಿಯಲ್ಲಿ.
ಮುಂದಕ್ಕೆ ಎಳೆಯಲು ಹಿಡಿಗೆ ಕೈ ಹಾಕಿದೆ.
ನಾಳೆ ಎಳೆದರಾಯಿತು ಬಿಡು.