ಕಾರಣದ ಕಾಲಂ

ಮುಕ್ದಾಹಾನಿನ ಈ ಶೋರೂಮಿನ ಹಿಂದೆ, ತಗಡಿನ ನೆರಳಲ್ಲಿ,
ನನ್ನದು ಒಂದೇ ಕೆಲಸ:
ಕೆಂಪು ಬಿಚ್ಚುವುದು, ಬಿಳಿ ಕಟ್ಟುವುದು.
ಎರಡು ತಿರುಪು ಮುಂದೆ, ಎರಡು ಹಿಂದೆ.
ಗಾಡಿ ಮಾರುವವರಿಗೆ ಟೈ ಇದೆ, ಏಸಿ ಇದೆ.
ನನಗೊಂದು ಸ್ಕ್ರೂಡ್ರೈವರ್, ತುಕ್ಕಿಗೆ ಒಂದು ಡಬ್ಬಿ ಎಣ್ಣೆ.

ಕೆಂಪು ಫಲಕ ಯಾರ ಸ್ವಂತದ್ದೂ ಅಲ್ಲ.
ಸರ್ಕಾರದ ಬಿಳಿ ಬರುವ ತನಕ
ತಿಂಗಳೋ ಎರಡು ತಿಂಗಳೋ ತೊಟ್ಟು ಮೆರೆದು
ತಿರುಗಿ ಕೊಡಬೇಕು, ಠೇವಣಿ ಈಸಿಕೊಳ್ಳಬೇಕು,
ಮದುವೆಗೆಂದು ಎರವಲು ತಂದ ಸರದ ಹಾಗೆ.

ಕ ೦೩೫೮ನ್ನು ಎಂಟು ವರ್ಷದಿಂದ ಬಲ್ಲೆ.
ದಂತವೈದ್ಯನ ಕಾರಿನಲ್ಲಿ ಹೋಗಿಬಂತು.
ಹೊಸ ಮದುಮಕ್ಕಳ ಕಾರಿನಲ್ಲಿ ಹೋದಾಗ
ಒಬ್ಬರೇ ತಂದು ಕೊಟ್ಟರು. ನಾನು ಕೇಳಲಿಲ್ಲ.
ಎಡ ಮೂಲೆ ಸೊಟ್ಟಗಾದದ್ದು ಒಂದು ಎಮ್ಮೆಯಿಂದ;
ಎಮ್ಮೆಗೇನೂ ಆಗಲಿಲ್ಲವಂತೆ.
ಬಡಿದು ನೆಟ್ಟಗೆ ಮಾಡಿದ್ದೇನೆ, ಆದರೂ ಬೆಳಕಿಗೆ ಹಿಡಿದರೆ
ಇನ್ನೂ ತುಸು ಮುನಿಸು.

ಕೆಂಪಿಗೆ ನಿಯಮಗಳಿವೆ.
ಹೊತ್ತು ಮುಳುಗಿದ ಮೇಲೆ ಓಡಿಸುವಂತಿಲ್ಲ.
ಜೊತೆಗೆ ಕೊಟ್ಟ ಪುಸ್ತಕದಲ್ಲಿ ಬರೆಯಬೇಕು:
ಹೊರಟ ಗಂಟೆ, ಹೋದ ಊರು, ಕಾರಣ.
ಯಾರೂ ಬರೆಯುವುದಿಲ್ಲ.
ಪುಸ್ತಕ ಹೋದಷ್ಟೇ ಖಾಲಿಯಾಗಿ ಮರಳುತ್ತದೆ,
ಒಮ್ಮೊಮ್ಮೆ ಕಾಫಿ ಲೋಟದ ಉಂಗುರ ತೊಟ್ಟು.

ಬುವಾಲೊಯಿ ಚಿಕ್ಕಮ್ಮ ಬರೆದಿದ್ದಳು.

ಹುದುಗಿಸಿದ ಮೀನು ಮಾರುವವಳು;
ಮೆಕಾಂಗಿನ ದಂಡೆಯ ಸಂತೆ ಸಂತೆಗೆ
ಮೈದುನನ ಬೈಕಿನ ಪಕ್ಕದ ಡಬ್ಬಿಯಲ್ಲಿ
ಹದಿನಾರು ವರ್ಷ ಜಾಡಿಗಳ ಜೊತೆ ತಾನೂ ಜಾಡಿಯಾಗಿ ಕೂತವಳು.
ಐವತ್ತೊಂದಕ್ಕೆ ಸ್ಟೀರಿಂಗ್ ಕಲಿತು ಪಿಕಪ್ ಕೊಂಡಳು.
ಭಿಕ್ಷು ಬಂದು ಚಾವಣಿಗೆ ಬಿಳಿ ಚುಕ್ಕಿ ಇಟ್ಟ,
ಕನ್ನಡಿಗೆ ಚೆಂಡುಹೂವಿನ ಸರ ತೂಗಿತು,
ಮೂರೇ ದಿನಕ್ಕೆ ಹೂವು ಮೀನಿನ ವಾಸನೆಗೆ ಸೋತಿತು.

ಒಂದು ದಿನ ಖಮ್ಚಾಈ ದಾರಿಯಲ್ಲಿ ಸೂರ್ಯ ಇಳಿದೇಬಿಟ್ಟ.
ಮನೆ ಇನ್ನು ಇಪ್ಪತ್ತು ಕಿಲೋಮೀಟರು.
ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ
ನಲವತ್ತು ಜಾಡಿಗಳನ್ನು ಕಾಯುತ್ತ ಸೀಟಿನಲ್ಲೇ ಮಲಗಿದಳು.
ಬಂಕಿನ ಹುಡುಗರು ಮೂಗು ಹಿಡಿದುಕೊಂಡು
"ಹೋಗಮ್ಮಾ, ಯಾರು ಕೇಳ್ತಾರೆ?" ಅಂದರೆ
"ಪುಸ್ತಕದಲ್ಲಿ ಏನಂತ ಬರೀಲಿ?" ಅಂದಳಂತೆ.
ಊರೆಲ್ಲ ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ.

ಇವತ್ತು ಬಿಳಿ ಬಂತು, ಹಸಿರು ಅಕ್ಷರದ್ದು: ೪೭೦೮.
ಕೂಡಿದರೆ ಹತ್ತೊಂಬತ್ತು ಎನ್ನುತ್ತ ಕಾವಲುಗಾರ
ಲಾಟರಿ ಮಾರುವವಳನ್ನು ಹುಡುಕಿಕೊಂಡು ಹೋದ.
ಚಿಕ್ಕಮ್ಮ ಠೇವಣಿಯ ನೋಟು ಮೂರು ಸಲ ಎಣಿಸಿದಳು.
ನಾನು ತಿರುಪಿಗೆ ಎಣ್ಣೆ ಬಿಟ್ಟು, ಅದು ಇಳಿಯುವಷ್ಟರಲ್ಲಿ
ಬಾನೆಟ್ಟಿನ ಮೇಲಿದ್ದ ಪುಸ್ತಕ ತೆರೆದೆ.

ಸೀಸದಕಡ್ಡಿ. ಎಂಜಲು ತಾಗಿಸಿ, ಒತ್ತಿ ಒತ್ತಿ.
ಕಾರಣ: ಮೀನು.
ಕಾರಣ: ಮೀನು.
ಕಾರಣ: ಉಪ್ಪು.
ಕಾರಣ: ಮೀನು.
ಕಾರಣ: ತಂಗಿಯ ಹಲ್ಲು.
ಕಾರಣ: ಮೀನು.
ಆಮೇಲೆ ಒಂದು ಬುಧವಾರ, ಮಧ್ಯಾಹ್ನ ಮೂರಕ್ಕೆ,
ಊರಿನ ಜಾಗದಲ್ಲಿ ಬರೀ ಒಂದು ಗೀಟು.
ಕಾರಣ: ಸುಮ್ಮನೆ.

ಅದರಡಿ ರಬ್ಬರು ಉಜ್ಜಿದ ಮಸುಕು.
ಮೊದಲು ಮೀನೆಂದೇ ಬರೆದಿದ್ದಳು,
ಮನಸ್ಸೊಪ್ಪದೆ ಅಳಿಸಿದ್ದಳು.

"ಇನ್ಮೇಲೆ ಬರೆಯೋದು ಬೇಡ ಅಲ್ವಾ?"
ಬೇಡ ಅಂದೆ.
"ರಾತ್ರಿ ಹೋದರೂ?"
ರಾತ್ರಿ ಹೋದರೂ.
ಸ್ವಲ್ಪ ಹೊತ್ತು ಸುಮ್ಮನಿದ್ದಳು, ಏನೋ ಕಳೆದುಕೊಂಡವಳಂತೆ.
ಆಮೇಲೆ ಹತ್ತಿ ಕೂತು, ದೀಪ ಹಾಕಿ ನೋಡಿದಳು,
ಆರಿಸಿದಳು, ಮತ್ತೆ ಹಾಕಿದಳು,
ಹಾಗೇ ಹೊರಟಳು
ಬೆಳಗಿನ ಹತ್ತೂವರೆಯ ಸುಡುಬಿಸಿಲಲ್ಲಿ
ಎರಡೂ ದೀಪ ಉರಿಸಿಕೊಂಡು.

ಪುಸ್ತಕ ಆಫೀಸಿಗೆ ಒಪ್ಪಿಸಬೇಕು. ಊಟವಾಗಲಿ.
ಕ ೦೩೫೮ಕ್ಕೆ ಮೂರು ಸಲ ಸೋಪು ಹಾಕಿದೆ,
ವಾಸನೆ ಹೋಗಲೊಲ್ಲದು.
ಮೊಳೆಗೆ ತಗುಲಿಸಿದ್ದೇನೆ, ಒಣಗಲಿ.
ನಾಳೆ ಔಷಧಿ ಅಂಗಡಿಯವನ ಹೊಸ ಕಾರಿಗೆ.
ಅವನು ಏನಾದರೂ ಅಂದುಕೊಳ್ಳಲಿ.