ಲೆಕ್ಕಕ್ಕುಂಟು

ಐದು ತಲೆ ಇರಬೇಕು ಎಂದಿತು ನೋಟೀಸು,
ಇಲ್ಲವಾದರೆ ಮೂರನೇ ವರ್ಷದ ಅನಾಲಿಸಿಸ್ ರದ್ದು.
ನಾವು ನಾಲ್ವರು:
ಲಿಂಪೊ, ಖಾಲಿಸೊ, ಸದಾ ಕೆಮ್ಮುವ ಟುಮೆಲೊ, ನಾನು.
ರೋಮಾದ ಕಣಿವೆಯಲ್ಲಿ ಆಗಸ್ಟ್ ಎಂದರೆ ಚಳಿಯ ಬಾಲ;
ನಲ್ಲಿಯೊಳಗೆ ನೀರು ಗಾಜಾಗಿ ನಿಂತ ಬೆಳಿಗ್ಗೆ
ಗೇಟಿನ ಬಳಿ ಕಂಬಳಿ ಹೊದ್ದು
ಎಣ್ಣೆಯಿಂದ ಆಗಷ್ಟೇ ತೆಗೆದ ಮಕ್ವೆನ್ಯ ತಿನ್ನುತ್ತ ಲೆಕ್ಕ ಹಾಕಿದೆವು:
ನಾಲ್ಕಕ್ಕೆ ಒಂದು ಕೂಡಿದರೆ ಐದು.
ಇಷ್ಟು ಸುಲಭದ ಲೆಕ್ಕ
ಎರಡು ವರ್ಷದಲ್ಲಿ ಯಾರೂ ಕೊಟ್ಟಿರಲಿಲ್ಲ ನಮಗೆ.

ಆ ಒಂದನ್ನು ಊಟದ ಸಾಲಿನಲ್ಲಿ ಹುಡುಕಿದೆವು.
ಕಾಮರ್ಸಿನವರು ನಕ್ಕರು.
ಭೌತಶಾಸ್ತ್ರದ ಹುಡುಗಿ ಅಯ್ಯೋ ಪಾಪ ಎಂಬಂತೆ ನೋಡಿ
ತಟ್ಟೆ ಹಿಡಿದು ನಡೆದಳು.
ಕೊನೆಗೆ ಸಿಕ್ಕವನು ಸೆಖೋಬೆ,
ಪಾದ್ರಿಯಾಗಲಿರುವವನು,
ಒಂದು ಐಚ್ಛಿಕ ವಿಷಯ ಬಾಕಿ ಉಳಿಸಿಕೊಂಡವನು.
‘ಹೆಸರು ಬರೆಸುತ್ತೇನೆ,
ಕಲಿಯುತ್ತೇನೆಂದು ಮಾತು ಕೊಡಲಾರೆ.’
ಸಾಕಿತ್ತು.
ಆಟಕ್ಕಿಲ್ಲದಿದ್ದರೇನು, ಲೆಕ್ಕಕ್ಕುಂಟು.

ನ್ತಾತೆ ರಾಮಾಯಿಲಿ ಬೋರ್ಡಿನ ಎಡ ಮೂಲೆಯಿಂದ ಶುರುಮಾಡಿ
ಸೀಮೆಸುಣ್ಣ ಸವೆದು ಉಗುರು ಕಿರುಗುಟ್ಟುವ ತನಕ
ಬರೆಯುವವರು.
‘ಎಪ್ಸಿಲಾನ್ ಕೊಟ್ಟಿದೆ ಎಂದಿಟ್ಟುಕೊಳ್ಳಿ, ಸೊನ್ನೆಗಿಂತ ದೊಡ್ಡದು.’
ಬರೆದುಕೊಂಡೆವು.
ಮೊದಲ ವರ್ಷದಿಂದಲೂ ಬರೆದುಕೊಳ್ಳುತ್ತಲೇ ಇದ್ದೆವು.
ಹಿಂದಿನ ಬೆಂಚಿನಿಂದ ಸೆಖೋಬೆ ಕೈಯೆತ್ತಿದ:
‘ಕೊಟ್ಟವರು ಯಾರು?’

ಲಿಂಪೊ ಕಿಸಕ್ಕೆಂದಳು. ನ್ತಾತೆ ನಗಲಿಲ್ಲ.
ಕನ್ನಡಕ ತೆಗೆದು ಕಂಬಳಿಯ ಅಂಚಿಗೆ ಒರೆಸಿ,
ಹಾಕಿ, ಮತ್ತೆ ತೆಗೆದು,
‘ನಿನ್ನನ್ನು ನಂಬದವನು’ ಎಂದರು.
‘ಇನ್ನೂ ಹತ್ತಿರ ಬಾ, ಇನ್ನೂ ಹತ್ತಿರ, ಎನ್ನುತ್ತಲೇ ಇರುತ್ತಾನೆ.
ನೀನು ಸಿಟ್ಟಾಗುವಂತಿಲ್ಲ.
ಕೇಳಿದಷ್ಟು ಸಲವೂ ಒಂದು ಡೆಲ್ಟಾ ಹುಡುಕಿ ಕೊಡಬೇಕು.’
ಸೆಖೋಬೆ ಬರೆದುಕೊಂಡ,
ಗಣಿತದ ನೋಟುಪುಸ್ತಕದಲ್ಲಲ್ಲ,
ಕಪ್ಪು ರಟ್ಟಿನ ಇನ್ನೊಂದರಲ್ಲಿ.

ನನ್ನ ಚಿಕ್ಕಮ್ಮ ಮಸೇರುವಿನಲ್ಲಿ ಜೀನ್ಸ್ ಹೊಲೆಯುತ್ತಾಳೆ,
ಗಂಟೆಗೆ ಇಷ್ಟು ಜೇಬು ಎಂದು.
ರಜೆಗೆ ಹೋದರೆ ಸೊಪ್ಪು ಬಡಿಸುತ್ತ ಕೇಳುತ್ತಾಳೆ:
‘ಅಷ್ಟು ಓದಿ ಏನನ್ನು ಎಣಿಸುತ್ತೀ?’
ಏನನ್ನೂ ಇಲ್ಲ ಎಂದೆ ಒಮ್ಮೆ. ನಿಜವನ್ನೇ ಹೇಳಿದ್ದೆ.
ಅವಳು ಇನ್ನೊಂದು ಸೌಟು ಬಡಿಸಿದಳು.

ಒಂದು ಸಂಜೆ ಕರೆಂಟು ಹೋಯಿತು.
ಅನಂತ ಗಣಗಳ ನಡುವೆ, ಅರ್ಧ ವಾಕ್ಯದಲ್ಲಿ.
ಕತ್ತಲಿಂದಲೇ ನ್ತಾತೆ ಕೇಳಿದರು:
‘ಸಂಖ್ಯೆಯೇ ಗೊತ್ತಿಲ್ಲದವನು
ಎಲ್ಲ ಕುರಿಯೂ ಬಂತೆಂದು ಹೇಗೆ ತಿಳಿಯಬೇಕು?’
ನಾನು ಮನಸ್ಸಿನಲ್ಲೇ ಬಾಣ ಎಳೆಯುತ್ತಿದ್ದೆ,
ಈ ಗಣದಿಂದ ಆ ಗಣಕ್ಕೆ, ಒಂದಕ್ಕೆ ಒಂದು.
‘ಹನ್ನೊಂದು ವರ್ಷಕ್ಕೆ ಬೆಟ್ಟದ ಮೇಲೆ ಕುರಿ ಕಾಯುತ್ತಿದ್ದೆ’
ಸೆಖೋಬೆಯ ದನಿ.
‘ಇಪ್ಪತ್ತರ ಮೇಲೆ ಬರುತ್ತಿರಲಿಲ್ಲ.
ಎಣಿಸುತ್ತಿರಲಿಲ್ಲ ನಾನು, ಮುಖ ನೋಡುತ್ತಿದ್ದೆ.
ಬಾರದ ಮುಖ ತಾನಾಗಿ ಕಾಣುತ್ತಿತ್ತು.’
‘ಅದು ಸಾಧನೆಯಲ್ಲ’ ಎಂದರು ನ್ತಾತೆ,
ತುಸು ತಡೆದು.
ಟುಮೆಲೊ ಕೆಮ್ಮಿದ. ದೀಪ ಬರಲಿಲ್ಲ.
ತಡವರಿಸುತ್ತ ಮೆಟ್ಟಿಲಿಳಿದೆವು, ಒಬ್ಬರ ಕಂಬಳಿ ಒಬ್ಬರು ಹಿಡಿದು.

ಪರೀಕ್ಷೆಯಲ್ಲಿ ಅವನಿಗೆ ನೂರಕ್ಕೆ ಹದಿನಾಲ್ಕು.
ಸೆಮಿನರಿಗೆ ಹೊರಟ ದಿನ ಕೈಕುಲುಕಿ
ಕ್ಷಮಿಸಿ ಎಂದ,
ನಮ್ಮ ಸರಾಸರಿ ಕೆಡಿಸಿದ್ದಕ್ಕೆ.

ಹೊಸ ಅವಧಿಗೆ ಅದೇ ನೋಟೀಸು ಬಂತು.
ನ್ತಾತೆ ಅದನ್ನು ನಾಲ್ಕಾಗಿ ಮಡಚಿ
ಕಿಟಕಿಯ ಸಂದಿಗೆ ಸಿಕ್ಕಿಸಿದರು, ಗಾಳಿ ನುಗ್ಗದಂತೆ.
ಆಮೇಲೆ ಎಡ ಮೂಲೆಯಿಂದ
‘ಎಪ್ಸಿಲಾನ್ ಕೊಟ್ಟಿದೆ’ ಎಂದವರು
ಸೀಮೆಸುಣ್ಣ ಎತ್ತಿ ಹಿಡಿದೇ ನಿಂತರು,
ಹಿಂದಿನ ಬೆಂಚಿನತ್ತ ನೋಡುತ್ತ.
ನಾವೂ ತಿರುಗಿ ನೋಡಿದೆವು.

ಏನು ಕೇಳಬೇಕೆಂದು ಇನ್ನೂ ಗೊತ್ತಿರಲಿಲ್ಲ ನನಗೆ,
ಕೈ ಮಾತ್ರ ಎತ್ತಿಬಿಟ್ಟಿದ್ದೆ.